ಅಖೆನಾತೆನನ ಮತಸುಧಾರಣೆ

೧೮೮೭ರಲ್ಲಿ ನೈಲ್ ನದಿಯ ಪೂರ್ವದ ದಡದಲ್ಲಿದ್ದ ಒಂದು ಹಾಳುದಿಬ್ಬದಲ್ಲಿ, ಹೊಲಕ್ಕೆ ಹಾಕುವ ಗೊಬ್ಬರದ ಮಣ್ಣನ್ನು ಅಗೆಯುತ್ತಿದ್ದ ರೈತ ಹೆಂಗಸೊಬ್ಬಳ ಕೈಗೆ ಬರಹವುಳ್ಳ ಮಣ್ಣಿನ ಹಲಗೆಗಳು ಸಿಕ್ಕಿದುವೆಂದು ಹೇಳುವುದುಂಟು. ಆ ದಿಬ್ಬಕ್ಕೆ ಅಮರ್ನಾ ಎಂದು ಹೆಸರು. ಅಲ್ಲಿ ದೊರೆತ ಹಲಗೆಗಳು ಈಗ ಸುಮಾರು ೩೮೦. ಅವುಗಳಲ್ಲಿ ಹೆಚ್ಚಿನವು ಮೂರು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಪರದೇಶದ ರಾಜರೂ ಸಾಮಂತರೂ ಈಜಿಪ್ಟಿನ ದೊರೆಗೆ ಬರೆದ ಓಲೆಗಳು. ಒಂದು ಕಾಲಕ್ಕೆ ಇಲ್ಲಿ ರಾಜಧಾನಿಯೊಂದು ಇದ್ದಿತು. ಆದರೆ ಅದನ್ನು ಕಟ್ಟಿಸಿದವನ ಹೆಸರು ಅವನ ದೇಶದವರೇ ಇಟ್ಟುಕೊಂಡಿದ್ದ ರಾಜಾವಳಿಯಲ್ಲಿ ಇರಲಿಲ್ಲ. ಅಬಿಡೋಸಿನ ದೇವಾಲಯದ ಗೋಡೆಯ ಮೇಲೆ ಮೊದಲನೆಯ ಸೇತಿ ಎಂಬ ದೊರೆ ಕೆತ್ತಿಸಿದ ಪೂರ್ವಿಕರ ಪಟ್ಟಿಯಲ್ಲಿ ಮೂರನೆಯ ಅಮೆನ್‌ಹೋತೆಪನಾದ ಕೂಡಲೆ ಹೋರೆಂಹೇಬನ ಹೆಸರು ಬರುತ್ತದೆ. ನಡುವೆ ಆಳಿದವರೆಲ್ಲರೂ ಲುಪ್ತರಾಗಿದ್ದಾರೆ. ಹೀಗೆ ಅಳಿಸಿಹೋದವರಲ್ಲಿ ಮೊದಲನೆಯವನೇ ಅಖೆನಾತೆನ್. ಅವನು ಮಾಡಿದುದೇನು, ಅವನ ಪ್ರಜೆಗಳಿಗೆ ಅದರಿಂದ ಆದುದೇನು ಎಂಬುದನ್ನು ಈ ಭಾಷಣದಲ್ಲಿ ವಿಚಾರಮಾಡೋಣ.

ಮೊದಲು ಅವನು ಬದಲಾಯಿಸಹೊರಟ ಮತವು ಎಂತಹುದೆಂಬುದನ್ನು ತಿಳಿಯಬೇಕು. ಈಜಿಪ್ಟಿನವರಿಗೆ ದೇವತೆಗಳು ಅನೇಕರು. ಊರೂರಿಗೂ ತನ್ನ ದೇವರುಂಟು. ಆ ದೇವರಿಗೆ ಗುಡಿ, ಭೂಮಿ, ಹಿಂಡು, ಉತ್ಸವಗಳುಂಟು. ಅವರೆಲ್ಲರಿಗಿಂತಲೂ ಮೇಲಾಗಿ ದಕ್ಷಿಣದ ರಾಜಧಾನಿಯಾದ ಥೀಬ್ಸ್ ನಗರದಲ್ಲಿ ಅಮುನನು ನೆಲಸಿದ್ದನು. ಅಮುನ್ ಎಂಬ ಮಾತಿಗೆ 'ಗುಪ್ತನಾದವನು' ಎಂದು ಅರ್ಥ. ಅವನ ಆಲಯವೂ ಆ ಹೆಸರಿಗೆ ತಕ್ಕಂತೆಯೇ ಇದ್ದಿತು. ಬಿಸಿಲು ತುಂಬಿದ ಅಂಗಳದಿಂದ ಒಳಕ್ಕೆ ಹೋದಂತೆಲ್ಲ ಚಾವಣಿ ತಗ್ಗಾಗಿ, ನೆಲ ಏರಿ, ಬೆಳಕು ಕುಂದುತ್ತ ಬಂದು, ಕೊನೆಗೆ ಕತ್ತಲೆಯ ಗರ್ಭಗೃಹದಲ್ಲಿ ದೇವರ ಮೂರ್ತಿ ಇರುತ್ತಿದ್ದಿತು. ಅಲ್ಲಿಗೆ ಅರ್ಚಕರಿಗಲ್ಲದೆ ಪ್ರವೇಶವಿಲ್ಲ. ಜನರಿಗೆ ದೇವರು ದೊರೆಯುತ್ತಿದ್ದುದು ಉತ್ಸವದ ದಿನಗಳಲ್ಲಿ. ಆಗ ಅವನು ದೋಣಿಯಾಕಾರದ ಪಲ್ಲಕ್ಕಿಯಲ್ಲಿ, ತೆರೆಯ ಮರೆಯಲ್ಲಿಯೇ ಕುಳಿತು, ಕಾರ್ನಕ್ಕಿನಿಂದ ಲಕ್ಸಾರಿಗೆ ಬಿಜಯಂಗೈಯುತ್ತಿದ್ದನು. ಈಜಿಪ್ಟಿನ ಅರಸರು ಸಿರಿಯಾ ಮತ್ತು ನೂಬಿಯಾ ದೇಶಗಳನ್ನು ಗೆದ್ದ ಕಾಲದಲ್ಲಿ ಗೆಲವನ್ನು ಕೊಟ್ಟವನು ಅಮುನನೆಂದು ನಂಬಿ ಅವನಿಗೆ ಅಪಾರವಾದ ದತ್ತಿಗಳನ್ನು ಬಿಟ್ಟಿದ್ದರು. ಆದುದರಿಂದ ಕಾರ್ನಕ್ಕಿನ ದೇವಾಲಯವು ಪೂಜಾಸ್ಥಾನ ಮಾತ್ರವಾಗಿರದೆ ಹೊಲ, ಕಣಜ, ಹಡಗು, ಕಾರ್ಖಾನೆಗಳನ್ನೂ ಸಾವಿರಾರು ಕೆಲಸಗಾರರನ್ನೂ ಉಳ್ಳ ದೊಡ್ಡ ಸಂಸ್ಥೆಯಾಗಿದ್ದಿತು.

ಇದರೊಡನೆ ಇನ್ನೊಂದು ನಂಬಿಕೆ ಆ ಜನರ ಜೀವಕ್ಕೆ ಹತ್ತಿರವಾಗಿದ್ದಿತು. ಸೂರ್ಯನು ಸಂಜೆ ಮುಳುಗಿದಾಗ ಸಾಯುವುದಿಲ್ಲ. ದೋಣಿಯನ್ನೇರಿ ಪಾತಾಳದ ಹನ್ನೆರಡು ಜಾವಗಳನ್ನು ದಾಟುತ್ತಾನೆ. ನಡುರಾತ್ರಿಯಲ್ಲಿ ಮೃತರ ಒಡೆಯನಾದ ಓಸಿರಿಸನನ್ನು ಕೂಡಿ, ಹೊಸ ಪ್ರಾಣವನ್ನು ಪಡೆದು, ಬೆಳಗಿಗೆ ಮತ್ತೆ ಹುಟ್ಟುತ್ತಾನೆ. ಸತ್ತ ಮನುಷ್ಯನ ಗತಿಯೂ ಹೀಗೆಯೇ. ಓಸಿರಿಸನ ಮುಂದೆ ಅವನ ಹೃದಯವನ್ನು ತೂಗುತ್ತಾರೆ. ಅದು ಸತ್ಯಕ್ಕೆ ಸರಿದೂಗಿದರೆ ಅವನಿಗೆ ಮರುಬಾಳು. ಹೀಗೆ ಕತ್ತಲೆಯೂ ಮರಣವೂ ಈಜಿಪ್ಟಿನವರಿಗೆ ಬರಿಯ ಶೂನ್ಯವಾಗಿರಲಿಲ್ಲ, ದಾಟಬಹುದಾದ ದಾರಿಯಾಗಿದ್ದುವು. ಈ ವಿಷಯವನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಕ್ರಿ. ಪೂ. ಸುಮಾರು ೧೩೫೩ರಲ್ಲಿ ಮೂರನೆಯ ಅಮೆನ್‌ಹೋತೆಪನು ಸುಮಾರು ೩೮ ವರ್ಷ ವೈಭವದಿಂದ ಆಳಿ ತೀರಿಕೊಂಡನು. ಅವನಿಗೂ ತೀಯಿ ರಾಣಿಗೂ ಹುಟ್ಟಿದ ಮಗನು ನಾಲ್ಕನೆಯ ಅಮೆನ್‌ಹೋತೆಪನೆಂಬ ಹೆಸರಿನಿಂದ ಪಟ್ಟಕ್ಕೆ ಬಂದನು. 'ಅಮುನನು ತೃಪ್ತನಾಗಿದ್ದಾನೆ' ಎಂಬುದು ಆ ಹೆಸರಿನ ಅರ್ಥ. ಇವನ ಪಟ್ಟದ ರಾಣಿಯೇ ನೆಫರ್ಟೀಟಿ. ಆತೆನ್ ಎಂಬ ದೇವರನ್ನು ಇವನು ಹೊಸದಾಗಿ ಕಲ್ಪಿಸಿದನೆಂದು ತಿಳಿಯಬಾರದು. ಆತೆನ್ ಎಂದರೆ ಕಣ್ಣಿಗೆ ಕಾಣುವ ಸೂರ್ಯಬಿಂಬ; ಆ ಶಬ್ದವು ಎಷ್ಟೋ ಶತಮಾನಗಳಿಂದ ಬಳಕೆಯಲ್ಲಿದ್ದಿತು. ತಂದೆಯ ವಿಹಾರದೋಣಿಗೇ ಆತೆನನ ಹೆಸರಿದ್ದಿತು. ತಂದೆಯ ಕಾಲದಲ್ಲಿ ಆತೆನನು ಅನೇಕ ದೇವರುಗಳಲ್ಲಿ ಒಬ್ಬನಾಗಿದ್ದನು. ಮಗನ ಕಾಲದಲ್ಲಿ ಒಬ್ಬನೇ ದೇವರಾದನು. ವ್ಯತ್ಯಾಸವಿರುವುದು ಇಲ್ಲಿಯೇ.

ಬದಲಾವಣೆಯು ಒಂದೇ ದಿನದಲ್ಲಿ ಆಗಲಿಲ್ಲ. ಮೊದಲು ಅರಸನು ಅಮುನನ ಕ್ಷೇತ್ರವಾದ ಕಾರ್ನಕ್ಕಿನಲ್ಲಿಯೇ ಆತೆನನಿಗೆ ಆಲಯಗಳನ್ನು ಕಟ್ಟಿಸಿದನು. ಕೆಲಸವು ಬೇಗ ಮುಗಿಯಲೆಂದು ದೊಡ್ಡ ಬಂಡೆಗಳನ್ನು ಬಿಟ್ಟು, ಒಂದು ಮೊಳ ಉದ್ದ, ಅರ್ಧ ಮೊಳ ಅಗಲದ ಸಣ್ಣ ಕಲ್ಲುಗಳನ್ನು ಬಳಸಿದರು. ಒಂದೊಂದನ್ನು ಒಬ್ಬ ಆಳು ಹೊರಬಹುದಾಗಿದ್ದಿತು. ದೇವರ ಆಕೃತಿಯೂ ಮಾರ್ಪಟ್ಟಿತು. ಮೊದಲು ಗಿಡುಗನ ತಲೆಯ ಮನುಷ್ಯನಂತೆ ಚಿತ್ರಿತನಾಗುತ್ತಿದ್ದ ಸೂರ್ಯದೇವನು ಸ್ವಲ್ಪ ಕಾಲದಲ್ಲಿಯೇ ಬರಿಯ ಬಿಂಬವಾದನು. ಆ ಬಿಂಬದಿಂದ ಕಿರಣಗಳು ಕೆಳಕ್ಕೆ ಇಳಿಯುತ್ತವೆ. ಒಂದೊಂದು ಕಿರಣದ ತುದಿಯಲ್ಲಿಯೂ ಒಂದೊಂದು ಪುಟ್ಟ ಕೈ. ಆ ಕೈಗಳು ಜೀವದ ಚಿಹ್ನೆಯನ್ನು ಅರಸನ ಮತ್ತು ರಾಣಿಯ ಮೂಗಿಗೆ ಹಿಡಿಯುತ್ತವೆ. ಪಕ್ಕದಲ್ಲಿ ನಿಂತ ಮಂತ್ರಿಗಾಗಲಿ, ಬಾಗಿದ ಸೇವಕನಿಗಾಗಲಿ ಆ ಕೈಗಳು ಜೀವವನ್ನು ನೀಡುವುದಿಲ್ಲ. ಈ ಚಿತ್ರವನ್ನು ಚೆನ್ನಾಗಿ ನೋಡಿದವನಿಗೆ ಹೊಸ ಮತದ ತಿರುಳೇ ತಿಳಿದಂತೆ ಎಂದು ಹೇಳಬಹುದು.

ಆಳ್ವಿಕೆಯ ಐದನೆಯ ವರ್ಷದಲ್ಲಿ ಅರಸನು ತನ್ನ ಹೆಸರನ್ನು ಬಿಟ್ಟು, 'ಆತೆನನಿಗೆ ಹಿತವನ್ನುಂಟುಮಾಡುವವನು' ಎಂಬ ಅರ್ಥದ ಅಖೆನಾತೆನ್ ಎಂಬ ಹೆಸರನ್ನು ಧರಿಸಿದನು. ಥೀಬ್ಸಿನಿಂದ ಸುಮಾರು ೨೫೦ ಮೈಲಿ ಉತ್ತರಕ್ಕೆ, ಬೆಟ್ಟಗಳು ಅರ್ಧಚಂದ್ರಾಕಾರವಾಗಿ ಸುತ್ತುವರಿದ ಬಯಲೊಂದರಲ್ಲಿ ಹೊಸ ರಾಜಧಾನಿಯನ್ನು ಸ್ಥಾಪಿಸಿದನು. ಅದಕ್ಕೆ ಅಖೆತಾತೆನ್, ಎಂದರೆ ಆತೆನನ ದಿಗಂತ, ಎಂದು ಹೆಸರಾಯಿತು. ಅದರ ಎಲ್ಲೆಯನ್ನು ತಿಳಿಸುವ ಶಾಸನಗಳನ್ನು ಬಂಡೆಗಳಲ್ಲಿ ಕೆತ್ತಿಸಿದನು. ಅವುಗಳಲ್ಲಿ ಹದಿನಾರು ಈಗ ತಿಳಿದಿವೆ. ಈ ಸ್ಥಳವನ್ನು ತೋರಿಸಿದವನು ಆತೆನನೇ. ಇದು ಹಿಂದೆ ಯಾವ ದೇವನಿಗೂ ದೇವಿಗೂ ಯಾವ ಅರಸನಿಗೂ ಸೇರಿದ ನೆಲವಲ್ಲ. ಬೇರೆಡೆಯಲ್ಲಿ ಇದಕ್ಕಿಂತ ಒಳ್ಳೆಯ ಸ್ಥಳವಿದೆಯೆಂದು ರಾಣಿ ಹೇಳಿದರೂ ಕೇಳೆನು. ಎಲ್ಲಿ ಸತ್ತರೂ ನನ್ನನ್ನು ಇಲ್ಲಿಗೇ ತಂದು ಹೂಳಬೇಕು ಎಂಬುದು ಆ ಶಾಸನಗಳ ಸಾರಾಂಶ. ಬರಿಯ ಮರಳಾಗಿದ್ದ ಬಯಲಿನಲ್ಲಿ ಕೆಲವೇ ವರ್ಷಗಳೊಳಗೆ ಅರಮನೆಗಳೂ ದೇವಾಲಯಗಳೂ ಸಾವಿರಾರು ಮನೆಗಳೂ ಎದ್ದುವು. ಅಲ್ಲಿ ೨೦,೦೦೦ದಿಂದ ೫೦,೦೦೦ದವರೆಗೆ ಜನರಿದ್ದಿರಬಹುದೆಂದು ವಿದ್ವಾಂಸರ ಅಂದಾಜು.

ಆತೆನನ ಮಹಾಲಯವು ಹಳೆಯ ಗುಡಿಗಳಿಗೆ ತೀರ ವಿರುದ್ಧವಾದುದು. ಅದಕ್ಕೆ ಚಾವಣಿಯಿಲ್ಲ, ಕತ್ತಲೆಯ ಗರ್ಭಗೃಹವಿಲ್ಲ, ಮೂರ್ತಿಯೂ ಇಲ್ಲ. ದೇವರು ಆಕಾಶದಲ್ಲಿ ಎಲ್ಲರಿಗೂ ಕಾಣುತ್ತಿರುವಾಗ ಮೂರ್ತಿ ಏಕೆ? ೭೦೦ ಗಜಗಳಿಗೂ ಮಿಗಿಲಾದ ಉದ್ದದ ಪ್ರಾಕಾರದೊಳಗೆ ಬಯಲಿನಲ್ಲಿಯೇ ನೂರಾರು ನೈವೇದ್ಯಪೀಠಗಳು ಸಾಲುಸಾಲಾಗಿದ್ದುವು. ಅವುಗಳ ಮೇಲೆ ರೊಟ್ಟಿ, ಮಾಂಸ, ಹಣ್ಣು, ಹೂಗಳನ್ನು ಬಿಸಿಲಿಗೆ ಒಪ್ಪಿಸುತ್ತಿದ್ದರು. 'ಗುಪ್ತನಾದ' ಅಮುನನ ಬದಲು 'ಕಾಣುವ' ಆತೆನ್: ಸುಧಾರಣೆಯ ಹೆಗ್ಗಳಿಕೆಯನ್ನು ಇಷ್ಟರಲ್ಲಿಯೇ ಹೇಳಬಹುದು.

ಈ ಮತದ ಭಾವನೆಯನ್ನು ಬಲ್ಲುದಕ್ಕೆ ಉತ್ತಮ ಸಾಧನವೆಂದರೆ ಆಯ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಮೇಲಿರುವ ಆತೆನನ ದೀರ್ಘಸ್ತೋತ್ರ. ಬೆಳಗಾದೊಡನೆ ಜನರು ಎದ್ದು ಮೈ ತೊಳೆದು ಕೆಲಸಕ್ಕೆ ಹೊರಡುವುದು, ಹಕ್ಕಿಗಳು ರೆಕ್ಕೆಯೆತ್ತುವುದು, ಮೀನುಗಳು ನೀರಿನಲ್ಲಿ ನೆಗೆಯುವುದು, ಮೊಟ್ಟೆಯೊಳಗಿನ ಮರಿಗೆ ಉಸಿರು ದೊರೆಯುವುದು, ಇವೆಲ್ಲವೂ ಅದರಲ್ಲಿ ಅಕ್ಕರೆಯಿಂದ ವರ್ಣಿತವಾಗಿವೆ. ಅದಕ್ಕಿಂತಲೂ ಹೆಚ್ಚಿನದೊಂದು ಅದರಲ್ಲುಂಟು. ಸಿರಿಯಾ, ನೂಬಿಯಾ, ಈಜಿಪ್ಟ್ ಈ ಮೂರು ದೇಶಗಳ ಜನರನ್ನೂ ಒಬ್ಬನೇ ದೇವರು ಸೃಷ್ಟಿಸಿದನು. ಅವರ ನುಡಿಗಳು ಬೇರೆ, ಮೈಬಣ್ಣ ಬೇರೆ. ಎಲ್ಲರಿಗೂ ಅನ್ನ ಆಯುಸ್ಸುಗಳನ್ನು ಅಳೆದುಕೊಡುವವನು ಅವನೇ. ನೈಲ್ ನದಿಯಿಲ್ಲದ ಪರದೇಶದವರಿಗೆ ಆಕಾಶದಲ್ಲೊಂದು ನೈಲನ್ನಿಟ್ಟು ಮಳೆಯಾಗಿ ಸುರಿಸುತ್ತಾನೆ ಎಂದು ಅದು ಸಾರುತ್ತದೆ. ಹೊರದೇಶದವರನ್ನು ಕಾಲಡಿಯ ಶತ್ರುಗಳೆಂದೇ ಚಿತ್ರಿಸುತ್ತಿದ್ದ ಒಂದು ರಾಜ್ಯದಲ್ಲಿ ಈ ಮಾತು ಹುಟ್ಟಿದುದು ಅಲ್ಪವಲ್ಲ.

ಆದರೆ ಅದೇ ಸ್ತೋತ್ರದಲ್ಲಿ ರಾತ್ರಿಯ ವರ್ಣನೆಯನ್ನು ನೋಡಬೇಕು. ಸೂರ್ಯನು ಮುಳುಗಿದೊಡನೆ ಲೋಕಕ್ಕೆ ಸಾವು ಕವಿಯುತ್ತದೆ. ಜನರು ಮುಸುಕೆಳೆದು ಹೆಣಗಳಂತೆ ಮಲಗುತ್ತಾರೆ. ತಲೆಯ ಕೆಳಗಿನ ಒಡವೆಯನ್ನು ಕದ್ದರೂ ಅರಿಯರು. ಸಿಂಹವು ಗವಿಯಿಂದ ಹೊರಡುತ್ತದೆ, ಹಾವು ಕಚ್ಚುತ್ತದೆ. ದೇವರು ಎಲ್ಲಿಯೋ ಇದ್ದಾನೆ; ಆದರೆ ಇಲ್ಲಿ ಇಲ್ಲ. ಪಾತಾಳದಲ್ಲಿ ನಡೆಯುತ್ತಿದ್ದ ದೋಣಿಯಿಲ್ಲ, ಓಸಿರಿಸನಿಲ್ಲ, ಹೃದಯದ ತಕ್ಕಡಿಯಿಲ್ಲ. ಅಮರ್ನಾದ ಅಧಿಕಾರಿಗಳ ಸಮಾಧಿಗಳಲ್ಲಿ ಓಸಿರಿಸನ ಸ್ಥಾನದಲ್ಲಿ ಅರಸನೂ ಅವನ ಕುಟುಂಬವೂ ಚಿತ್ರಿತವಾಗಿವೆ. ಸತ್ತವನ ಆತ್ಮಕ್ಕೆ ಇನ್ನು ದೊರೆಯಬಹುದಾದುದು, ಹಗಲಿನಲ್ಲಿ ಎದ್ದುಬಂದು ಆತೆನನ ಆಲಯದ ನೈವೇದ್ಯದಲ್ಲಿ ಪಾಲುಗೊಳ್ಳುವ ಭಾಗ್ಯ. ಅದೂ ಅರಸನ ಕೃಪೆಯಿದ್ದರೆ. ಬೆಳಕನ್ನು ಮಾತ್ರ ದೇವರೆಂದ ಮತವು ಕತ್ತಲೆಯನ್ನು ಅನಾಥವಾಗಿ ಬಿಟ್ಟಿತು. ಮಗುವನ್ನು ಮಣ್ಣಿಗಿಟ್ಟ ತಾಯಿಗೆ ಇದು ಹೇಳಬಲ್ಲ ಸಮಾಧಾನವೇನು?

ಇನ್ನೊಂದು ಕೊರತೆಯೂ ಉಂಟು. ಆ ಸ್ತೋತ್ರದ ಕೊನೆಯಲ್ಲಿ, ಆತೆನನನ್ನು ಬಲ್ಲವನು ಅವನ ಮಗನಾದ ಅರಸನ ಹೊರತು ಬೇರೊಬ್ಬನಿಲ್ಲವೆಂದಿದೆ. ದೇವರು ಎಲ್ಲರಿಗೂ ಕಾಣುತ್ತಾನೆ, ಆದರೆ ಒಬ್ಬನಿಗೆ ಮಾತ್ರ ತಿಳಿಯುತ್ತಾನೆ! ಅಮರ್ನಾದ ದೊಡ್ಡ ಮನೆಗಳಲ್ಲಿದ್ದ ಪೂಜೆಯ ಕಲ್ಲುಗಳಲ್ಲಿ ಅರಸನು, ನೆಫರ್ಟೀಟಿ, ಅವರ ತೊಡೆಯ ಮೇಲೆ ಆಡುವ ಹೆಣ್ಣುಮಕ್ಕಳು, ಮೇಲೆ ಆತೆನನ ಬಿಂಬ, ಇಷ್ಟನ್ನು ಕಾಣುತ್ತೇವೆ. ಪ್ರಜೆಯು ಅರಸನನ್ನು ಪೂಜಿಸತಕ್ಕುದು. ಅರಸನು ಆತೆನನನ್ನು ಪೂಜಿಸತಕ್ಕುದು. ಅರ್ಚಕರ ಮಧ್ಯಸ್ಥಿಕೆಯನ್ನು ತೆಗೆದ ಸುಧಾರಕನು ತಾನೇ ಏಕೈಕ ಮಧ್ಯಸ್ಥನಾದನು.

ಕಲೆಯಲ್ಲಿಯೂ ಭಾಷೆಯಲ್ಲಿಯೂ ಅವನ ಕೆಲಸವು ನಿಜವಾಗಿಯೂ ಹೊಸದು. ಉದ್ದನೆಯ ಮುಖ, ತೆಳ್ಳಗಿನ ಕೊರಳು, ಇಳಿದ ಹೊಟ್ಟೆಯುಳ್ಳವನಾಗಿ ಅರಸನನ್ನು ಕಡೆದರು. ಇದು ಅವನ ರೋಗದ ಲಕ್ಷಣವೋ ಮತದ ಸಂಕೇತವೋ ಎಂಬ ವಾದ ಇನ್ನೂ ಮುಗಿದಿಲ್ಲ. ಬೆಕ್ ಎಂಬ ಶಿಲ್ಪಿ ತನಗೆ ಕಲಿಸಿದವನು ಅರಸನೇ ಎಂದು ಶಿಲೆಯಲ್ಲಿ ಬರೆಯಿಸಿದ್ದಾನೆ. ಥುತ್‌ಮೋಸ್ ಎಂಬ ಶಿಲ್ಪಿಯ ಕಾರ್ಯಾಗಾರದಲ್ಲಿ ೧೯೧೨ರ ಡಿಸೆಂಬರಿನಲ್ಲಿ ದೊರೆತ ನೆಫರ್ಟೀಟಿಯ ಪ್ರತಿಮೆಯು ಬರ್ಲಿನ್ನಿಗೆ ಹೋಗಿ ಜಗತ್ಪ್ರಸಿದ್ಧವಾಗಿದೆ. ಅಲ್ಲದೆ ಹಿಂದಿನ ಶಾಸನಗಳೆಲ್ಲವೂ ಆಡುಮಾತಿಗೆ ದೂರವಾದ ಹಳೆಯ ಭಾಷೆಯಲ್ಲಿದ್ದರೆ, ಇವನ ಶಾಸನಗಳಲ್ಲಿ ಜನರ ನಾಲಗೆಯ ಮೇಲಿದ್ದ ನುಡಿಯ ರೂಪಗಳು ನುಸುಳಿದುವು. ಹಳಗನ್ನಡವನ್ನೂ ಹೊಸಗನ್ನಡವನ್ನೂ ಓದಿದ ನಮಗೆ ಇದರ ಮಹತ್ವವು ಸುಲಭವಾಗಿ ತಿಳಿಯುತ್ತದೆ.

ಕಾಲ ಕಳೆದಂತೆ ಅರಸನ ಭಕ್ತಿಯು ಕಠಿನವಾಯಿತು. ಒಂಬತ್ತನೆಯ ವರ್ಷದಾಚೆಗೆ ಆತೆನನ ಬಿರುದಿನಲ್ಲಿ ಉಳಿದಿದ್ದ ಹಳೆಯ ದೇವತೆಗಳ ಹೆಸರುಗಳನ್ನೂ ತೆಗೆದುಹಾಕಿದರು. ಉಳಿ ಹಿಡಿದ ಆಳುಗಳು ನಾಡೆಲ್ಲ ತಿರುಗಿ ಅಮುನನ ಹೆಸರನ್ನು ಗೋಡೆಗಳಿಂದ, ಮೊನಚುಗಂಬಗಳ ತುದಿಯಿಂದ, ಕಂಡಕಂಡಲ್ಲಿಂದ ಕೆತ್ತಿ ತೆಗೆದರು. ತಂದೆಯ ಹೆಸರಿನಲ್ಲಿ ಅಮುನನಿದ್ದನಾದುದರಿಂದ ತಂದೆಯ ಹೆಸರಿಗೂ ಉಳಿಯೇಟು ತಪ್ಪಲಿಲ್ಲ. ಕೆಲವೆಡೆ 'ದೇವರುಗಳು' ಎಂಬ ಬಹುವಚನವನ್ನೇ ಅಳಿಸಿದ್ದಾರೆ. ಮನೆಯಲ್ಲಿ ಬಳಸುವ ಸಣ್ಣ ಭರಣಿಗಳ ಮೇಲೂ ತಾಯತಗಳ ಮೇಲೂ ಆ ಹೆಸರು ಅಳಿಸಿಹೋಗಿದೆ. ಒಡೆಯರು ಅಂಜಿ ತಾವೇ ಅಳಿಸಿರಬೇಕೆಂದು ವಿದ್ವಾಂಸರ ಊಹೆ. ಮತವೊಂದು ಭಯವನ್ನು ಆಶ್ರಯಿಸಿತೆಂದರೆ ಅದರ ಅವನತಿಯು ಆಗಲೇ ಪ್ರಾರಂಭವಾಯಿತೆಂದು ತಿಳಿಯಬೇಕು.

ಸಾಮಾನ್ಯ ಜನರು ಏನು ಮಾಡಿದರು? ಇದಕ್ಕೆ ಉತ್ತರವು ಶಾಸನಗಳಲ್ಲಿ ದೊರೆಯದು, ಮಣ್ಣಿನಲ್ಲಿ ದೊರೆತಿದೆ. ಆತೆನನ ಸ್ವಂತ ನಗರದಲ್ಲಿಯೇ, ಹೆರಿಗೆಯನ್ನು ಕಾಯುವ ಬೆಸ್ ಮತ್ತು ತಾವೆರೆತ್ ಎಂಬ ಮನೆದೇವತೆಗಳ ಪುಟ್ಟ ತಾಯತಗಳು ಸಿಕ್ಕಿವೆ. ೧೯೭೭ರಿಂದ ದಶಕಗಳ ಕಾಲ ಅಲ್ಲಿ ಉತ್ಖನನವನ್ನು ನಡೆಸಿದ ಬ್ಯಾರಿ ಕೆಂಪ್ ಎಂಬ ವಿದ್ವಾಂಸನ ತಂಡದವರು ೨೦೦೬ರಿಂದ ೨೦೧೩ರವರೆಗೆ ದಕ್ಷಿಣದ ಬೆಟ್ಟದ ಬಳಿಯ ಬಡವರ ಶ್ಮಶಾನವೊಂದನ್ನು ಅಗೆದರು. ಚಾಪೆಯಲ್ಲಿ ಸುತ್ತಿ ಮರಳಿನಲ್ಲಿ ಹೂಳಿದ ನಾನೂರಕ್ಕೂ ಹೆಚ್ಚು ಮಂದಿಯ ಎಲುಬುಗಳನ್ನು ಪರೀಕ್ಷಿಸಿದರು. ಹಲವರ ಬೆನ್ನೆಲುಬು ಭಾರ ಹೊತ್ತು ಕುಸಿದಿದೆ, ಹಸಿವಿನ ಗುರುತುಗಳಿವೆ, ಬೆಳವಣಿಗೆ ಕುಂಠಿತವಾಗಿದೆ, ಮೂವತ್ತೈದು ವರ್ಷವನ್ನು ದಾಟಿದವರು ವಿರಳ. ಉತ್ತರದ ಇನ್ನೊಂದು ಶ್ಮಶಾನದಲ್ಲಿ, ೨೦೧೫ರಲ್ಲಿ ಅಗೆದಾಗ ದೊರೆತವರು ಬಹುಪಾಲು ಏಳರಿಂದ ಇಪ್ಪತ್ತೈದು ವರ್ಷದೊಳಗಿನ ಹುಡುಗರು. ಒಬ್ಬ ಆಳು ಹೊರಬಹುದಾದ ಆ ಸಣ್ಣ ಕಲ್ಲುಗಳನ್ನು ಹೊತ್ತವರು ಇಂತಹವರೇ ಆಗಿರಬೇಕು. ಸಮಾಧಿಗಳ ಚಿತ್ರಗಳಲ್ಲಿ ನೈವೇದ್ಯಪೀಠಗಳು ಅನ್ನದಿಂದ ತುಂಬಿ ತುಳುಕುತ್ತವೆ. ಹತ್ತಿರದ ಮರಳಿನಲ್ಲಿ ಹೊಟ್ಟೆಗಿಲ್ಲದೆ ಸತ್ತವರು ಮಲಗಿದ್ದಾರೆ. ಈ ಬಡವರ ಗೋರಿಕಲ್ಲುಗಳ ಮೇಲೆ ಆತೆನನ ಹೆಸರು ಕಂಡುಬಂದಿಲ್ಲ.

ಹೊರದೇಶಗಳ ವಿಷಯದಲ್ಲಿ ನಾವು ಮೊದಲು ಹೇಳಿದ ಓಲೆಗಳು ಸಾಕ್ಷಿ. ಬಿಬ್ಲೋಸಿನ ಸಾಮಂತನಾದ ರಿಬ್-ಹದ್ದನು ತಂದೆಮಕ್ಕಳಿಬ್ಬರ ಕಾಲದಲ್ಲಿಯೂ ಅರವತ್ತಕ್ಕೂ ಮಿಗಿಲಾದ ಓಲೆಗಳಲ್ಲಿ ಸೈನ್ಯವನ್ನು ಬೇಡಿದ್ದಾನೆ. ಅಸ್ಸೀರಿಯಾದ ದೊರೆಯೊಬ್ಬನು, ತನ್ನ ದೂತರನ್ನು ಬಿಸಿಲಿನಲ್ಲಿ ನಿಲ್ಲಿಸಿ ಸಾಯಿಸುವುದೇತಕ್ಕೆ, ಅದರಿಂದ ಅರಸನಿಗೆ ಲಾಭವಿದ್ದರೆ ಸಾಯಲಿ, ಇಲ್ಲದಿದ್ದರೆ ಏಕೆ ಎಂದು ನೊಂದು ಬರೆದ ಓಲೆಯು ಅಖೆನಾತೆನನಿಗೇ ಬಂದುದೆಂದು ಬಹುಮಂದಿಯ ಅಭಿಪ್ರಾಯ. ಈ ದೊರೆ ಅಹಿಂಸಾವಾದಿಯಾಗಿದ್ದುದರಿಂದಲೇ ಸಾಮ್ರಾಜ್ಯವು ಕುಗ್ಗಿತೆಂದು ಹಿಂದೆ ಕೆಲವರು ಬರೆದರು. ಅದು ನಿಲ್ಲತಕ್ಕ ಮಾತಲ್ಲ. ಅವನ ಆಳ್ವಿಕೆಯಲ್ಲಿ ನಡೆದ ನೂಬಿಯಾದ ದಂಡಯಾತ್ರೆಯಲ್ಲಿ ಸೆರೆಸಿಕ್ಕವರನ್ನು ಶೂಲಕ್ಕೇರಿಸಿದುದಕ್ಕೆ ಶಾಸನವಿದೆ.

ಓಲೆಗಳನ್ನು ಬರೆದವರಲ್ಲಿ ಮಿತನ್ನಿ ರಾಜ್ಯದ ತುಷ್ರತ್ತನೆಂಬ ದೊರೆ ಭಾರತೀಯರಾದ ನಮಗೆ ವಿಶೇಷವಾಗಿ ಗಮನಾರ್ಹನು. ಅವನ ವಂಶದವರ ಹೆಸರುಗಳು ಸಂಸ್ಕೃತಕ್ಕೆ ಸಮೀಪವಾದ ಭಾಷೆಯವು. ಅವನ ಮಗನು ಹಿಟ್ಟೈಟ್ ದೊರೆಯೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರು ಸಾಕ್ಷಿಗಳಾಗಿದ್ದಾರೆ. ತುಷ್ರತ್ತನ ಮಗಳು ತದುಖೀಪಳು ಮೊದಲು ತಂದೆಯ, ಬಳಿಕ ಮಗನ ಅಂತಃಪುರವನ್ನು ಸೇರಿದಳು. ಮೂರನೆಯ ಅಮೆನ್‌ಹೋತೆಪನು ಕೊಡುತ್ತೇನೆಂದಿದ್ದ ಗಟ್ಟಿ ಚಿನ್ನದ ಪ್ರತಿಮೆಗಳ ಬದಲು ಮಗನು ಚಿನ್ನದ ತಗಡು ಹೊದಿಸಿದ ಮರದ ಬೊಂಬೆಗಳನ್ನು ಕಳುಹಿಸಿದನೆಂದು ಈ ಬೀಗನು ಓಲೆಯ ಮೇಲೆ ಓಲೆ ಬರೆದು ದೂರಿದ್ದಾನೆ.

ಹದಿನೇಳು ವರ್ಷ ಆಳಿ, ಕ್ರಿ. ಪೂ. ಸುಮಾರು ೧೩೩೬ರಲ್ಲಿ ಅಖೆನಾತೆನನು ತೀರಿಕೊಂಡನು. ಮುಂದೆ ಬಂದ ಅಲ್ಪಕಾಲದ ಒಬ್ಬ ಅರಸರ ಮೂರನೆಯ ವರ್ಷದಲ್ಲಿ, ಥೀಬ್ಸಿನ ಒಂದು ಹಳೆಯ ಸಮಾಧಿಯ ಗೋಡೆಯ ಮೇಲೆ ಪವಾಹ್ ಎಂಬ ಅಮುನನ ಅರ್ಚಕನ ಪ್ರಾರ್ಥನೆಯನ್ನು ಅವನ ತಮ್ಮನು ಬರೆದಿಟ್ಟನು. ಅಮುನನನ್ನು ಕಾಣಬೇಕೆಂದು ತನ್ನ ಹೃದಯವು ಹಂಬಲಿಸುತ್ತಿದೆ, ಕತ್ತಲೆಯಲ್ಲಿರುವ ತನ್ನ ಕಡೆಗೆ ಮುಖವನ್ನು ತಿರುಗಿಸಿ ಬೆಳಕನ್ನು ತೋರಬೇಕು ಎಂಬುದು ಅದರ ಭಾವ. ಬೆಳಕಿನ ದೇವರು ನೆತ್ತಿಯ ಮೇಲಿರುವಾಗಲೇ ಈ ಭಕ್ತನು ಗುಪ್ತನಾದ ದೇವರಲ್ಲಿ ಬೆಳಕನ್ನು ಬೇಡುತ್ತಿದ್ದಾನೆ! ಹದಿನೇಳು ವರ್ಷಗಳ ರಾಜಾಜ್ಞೆ ಎಲ್ಲಿಗೆ ಮುಟ್ಟಲಿಲ್ಲವೆಂಬುದನ್ನು ಈ ಒಂದು ಬರಹವು ತಿಳಿಸುತ್ತದೆ.

ಬಳಿಕ ಒಂಬತ್ತು ಹತ್ತು ವರ್ಷದ ಬಾಲಕನೊಬ್ಬನು ತೂತನ್‌ಖಾತೆನ್ ಎಂಬ ಹೆಸರಿನಿಂದ ಪಟ್ಟವೇರಿ, ಅಮುನನ ಹೆಸರನ್ನು ಮರಳಿ ಧರಿಸಿ ತೂತನ್‌ಖಾಮುನನಾದನು. ಇವನ ಸಮಾಧಿಯನ್ನೇ ೧೯೨೨ರಲ್ಲಿ ಹವರ್ಡ್ ಕಾರ್ಟರನು ಕಂಡುಹಿಡಿದನು. ಅಲ್ಲಿಯ ಚಿನ್ನದ ಸಿಂಹಾಸನದ ಬೆನ್ನಿನಲ್ಲಿ ಆತೆನನ ಕಿರಣಗಳು ಇನ್ನೂ ಉಳಿದಿವೆ. ದೇವಾಲಯಗಳು ಪಾಳುಬಿದ್ದು ಕಳೆ ಬೆಳೆದಿದ್ದುವು, ದೇವರುಗಳು ನಾಡಿಗೆ ವಿಮುಖರಾಗಿದ್ದರು, ಕರೆದರೆ ಬರುತ್ತಿರಲಿಲ್ಲ ಎಂದು ಅವನ ಶಾಸನವು ಹೇಳುತ್ತದೆ. ಹೊಸ ರಾಜಧಾನಿಯನ್ನು ಜನರು ತೊರೆದರು. ಹೋರೆಂಹೇಬನು ಕಾರ್ನಕ್ಕಿನ ಆತೆನಾಲಯಗಳನ್ನು ಕೆಡವಿ ಆ ಸಣ್ಣ ಕಲ್ಲುಗಳನ್ನು ಅಮುನನ ಮಹಾದ್ವಾರಗಳ ಹೊಟ್ಟೆಯೊಳಗೆ ತುಂಬಿಸಿದನು. ಅದರಿಂದಲೇ ಅವು ಸುರಕ್ಷಿತವಾಗಿ ಉಳಿದು, ನಮ್ಮ ಕಾಲಕ್ಕೆ ಹತ್ತಾರು ಸಾವಿರಗಳ ಸಂಖ್ಯೆಯಲ್ಲಿ ಹೊರಬಂದುವು. ಮುಂದಿನ ತಲೆಮಾರಿನವರು ಅಖೆನಾತೆನನನ್ನು ಹೇಳಬೇಕಾದಾಗ ಹೆಸರನ್ನೆತ್ತದೆ 'ಅಖೆತಾತೆನಿನ ಶತ್ರು' ಎಂದು ಕರೆದರು. ಅಳಿಸುವುದನ್ನು ಕಲಿಸಿದವನು ತಾನೇ ಅಳಿಸಲ್ಪಟ್ಟನು.

ಈ ದೊರೆಯನ್ನು ಹೇಗೆ ತೂಗುವುದು? ಅಮೆರಿಕದ ಬ್ರೆಸ್ಟೆಡ್ ಪಂಡಿತನು ಅವನನ್ನು ಅತಿಯಾಗಿ ಕೊಂಡಾಡಿದನು. ಯಹೂದ್ಯರ ಏಕದೇವೋಪಾಸನೆ ಇವನಿಂದಲೇ ಬಂದುದೆಂದು ಫ್ರಾಯ್ಡನು ೧೯೩೯ರಲ್ಲಿ ವಾದಿಸಿದನು. ಅದಕ್ಕೆ ಇಂದಿಗೂ ಪುರಾವೆಯಿಲ್ಲ. ಅವನ ಸ್ತೋತ್ರಕ್ಕೂ ಬೈಬಲ್ಲಿನ ೧೦೪ನೆಯ ಕೀರ್ತನೆಗೂ ಹೋಲಿಕೆಯುಂಟೆಂಬುದು ನಿಜ. ಇನ್ನು ಕೆಲವರಿಗೆ ಅವನು ಬರಿಯ ನಿರಂಕುಶಪ್ರಭು. ನಮಗೆ ಈ ಎರಡೂ ಮಾತುಗಳು ಅರ್ಧ ಸತ್ಯಗಳಾಗಿ ತೋರುತ್ತವೆ. ನಾನಾ ನುಡಿಗಳ, ನಾನಾ ಬಣ್ಣಗಳ ಜನರೆಲ್ಲರಿಗೂ ದೇವರೊಬ್ಬನೇ ಎಂದು ಕಂಡ ಕಣ್ಣು ಅವನದು. ತನ್ನ ಗೋಡೆಯ ಆಚೆ ಕಲ್ಲು ಹೊತ್ತು ಸಾಯುತ್ತಿದ್ದ ಹುಡುಗರನ್ನು ಕಾಣದಿದ್ದ ಕಣ್ಣೂ ಅದೇ. ಅವನು ಜನರಿಗೆ ಏನನ್ನು ಕೊಟ್ಟನೆಂದು ಕೇಳುವವರು, ಅವರ ಹಬ್ಬವನ್ನೂ ಅವರ ಸತ್ತವರ ಹಾದಿಯನ್ನೂ ಕಿತ್ತುಕೊಂಡು ಅದಕ್ಕೆ ಬದಲಾಗಿ ಏನನ್ನಿಟ್ಟನೆಂಬುದನ್ನೂ ಕೇಳಬೇಕು. ಅವನ ಆಲಯದ ನೆಲಗಟ್ಟು ಇಂದಿಗೂ ಅಮರ್ನಾದ ಮರಳಿನಲ್ಲಿದೆ. ಅದರ ಮೇಲೆ ಸೂರ್ಯನು ದಿನವೂ ಹುಟ್ಟುತ್ತಾನೆ, ದಿನವೂ ಮುಳುಗುತ್ತಾನೆ.